ಬೋರಲು ಹಾಕಿದ ಎಲೆ

ಪಕ್ಕದ ಮನೆಯ ಅಜ್ಜಿಯ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದ ನನ್ನನ್ನು ಅವರ ಸೊಸೆ ಎಲೆಅಡಿಕೆ ಜೋಡಿಸಲು ಕೂರಿಸಿದಳು. ಒಂದು ಬುಟ್ಟಿ ವೀಳ್ಯದೆಲೆ, ಒಂದು ಹರಿವಾಣ ಅಡಿಕೆ. ಊಟ ಮುಗಿಸಿ ಎದ್ದವರಿಗೆ ಎರಡೆರಡು ಎಲೆ ಕೊಡಬೇಕು, ಅಷ್ಟೇ ಕೆಲಸ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ನಾನು ಎಲೆಗಳನ್ನು ಎರಡು ಸಾಲು ಮಾಡಿಬಿಟ್ಟಿದ್ದೆ. ಒಂದು ಸಾಲು ಅಂಗಾತ, ಇನ್ನೊಂದು ಸಾಲು ಬೋರಲು. ಸೊಸೆ ಬಂದು ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ನಾಗಮಂಗಲದಲ್ಲಿ ನಮ್ಮ ಮನೆಗೂ ಅಜ್ಜಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಇಡೀ ಬೀದಿಗೆ ಅವರು ಅಜ್ಜಿ. ಹೆಸರು ಓಟಿನ ಚೀಟಿಯಲ್ಲಿ ಮಾತ್ರ ಇತ್ತು, ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಜ್ಜಿ ತಮ್ಮ ಜಗಲಿಯಲ್ಲಿ ಕೂತು ಅದಕ್ಕಿಂತ ಕಷ್ಟದ ಲೆಕ್ಕ ಬಿಡಿಸುತ್ತಿದ್ದರು. ನಮ್ಮ ಕಡೆ ಹೆಣ್ಣು ಗಂಡು ಒಪ್ಪಿದ ಮೇಲೆ ಜಾತಕಕ್ಕಿಂತ ಮೊದಲು ನೋಡುವುದು ವರಸೆಯನ್ನು. ಎರಡೂ ಮನೆ ಹಿಂದೆ ಎಂದಾದರೂ ಅಣ್ಣತಮ್ಮಂದಿರ ಮನೆಯಾಗಿತ್ತೇ? ಆಗಿದ್ದರೆ ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ. ನಾಲ್ಕು ತಲೆಮಾರು ಕಳೆದಿದ್ದರೂ ಸರಿಯೇ, ಮದುವೆ ಆಗುವ ಹಾಗಿಲ್ಲ. ಸೋದರಮಾವನ ಕಡೆಯೋ ಸೋದರತ್ತೆಯ ಕಡೆಯೋ ಆಗಿದ್ದರೆ ಚಿಂತೆಯಿಲ್ಲ, ಇನ್ನೂ ಒಳ್ಳೆಯದೇ. ಇದನ್ನು ಹೇಳಬಲ್ಲವರು ಒಂದು ಕಾಲಕ್ಕೆ ಊರಿಗೊಬ್ಬರು ಇದ್ದರಂತೆ. ನಾನು ಆ ಬೀದಿಗೆ ಬರುವ ಹೊತ್ತಿಗೆ ಸುತ್ತಲ ಸೀಮೆಗೆ ಅಜ್ಜಿ ಒಬ್ಬರೇ ಉಳಿದಿದ್ದರು. ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿ ನಾಗಮಂಗಲಕ್ಕೆ ಸೊಸೆಯಾಗಿ ಬಂದವರು. ಪಾಂಡವಪುರದಿಂದ, ಶ್ರೀರಂಗಪಟ್ಟಣದಿಂದ ಜನ ಬಸ್ಸು ಹತ್ತಿ ಅವರನ್ನು ಕೇಳಲು ಬರುತ್ತಿದ್ದರು.

ಬಂದವರಿಗೆ ಮೊದಲು ಮಜ್ಜಿಗೆ. ಆಮೇಲೆ ಅಜ್ಜಿ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ ಮಣೆಯ ಮೇಲೆ ಒಂದೊಂದೇ ಎಲೆ ಹಾಸುವರು. ಒಂದು ಎಲೆ ಅಂದರೆ ಒಂದು ಮನೆ. ಆ ಮನೆಯ ಸಂಬಂಧ ತಾವೇ ಕಣ್ಣಾರೆ ಕಂಡದ್ದಾದರೆ ಎಲೆ ಅಂಗಾತ. ಇನ್ನೊಬ್ಬರ ಬಾಯಿಂದ ಕೇಳಿದ್ದಾದರೆ ಬೋರಲು. ಬರೀ ಅಂದಾಜಾದರೆ ಆ ಎಲೆ ಮಣೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಸುಣ್ಣ ಸವರಿ, ಅಡಿಕೆ ಇಟ್ಟು ತಮ್ಮ ಬಾಯಿಗೇ ಹಾಕಿಕೊಳ್ಳುವರು.

"ನನ್ ಅಂದಾಜ್ನ ನಾನೇ ಅಗೀತೀನಿ ಕಣ್ರವ್ವ, ನಿಮ್ಗ್ಯಾಕೆ ಅದು?"

ಎಲೆಯನ್ನು ಬೋರಲು ಹಾಕುವುದು ಅಪಶಕುನ ಎಂದು ಒಮ್ಮೆ ಗಂಡಿನ ಕಡೆಯವರೊಬ್ಬರು ಗೊಣಗಿದರು. "ಸುಳ್ಳು ಅಂಗಾತ ಮಲ್ಗಿರೋದ್ಕಿಂತ ಇದು ಬೋರಲು ಮಲ್ಗಿರ್ಲಿ ಬುಡಪ್ಪ" ಅಂದುಬಿಟ್ಟರು ಅಜ್ಜಿ. ಮಣೆಯ ಮೇಲೆ ಬೋರಲು ಎಲೆ ಒಂದೇ ಒಂದಿದ್ದರೂ ತೀರ್ಮಾನ ಹೇಳುತ್ತಿರಲಿಲ್ಲ. "ಇದೊಂದ್ನ ಅಂಗಾತ ಮಾಡ್ಕಂಡು ಬನ್ನಿ" ಎಂದು ಇಂಥ ಊರಿನ ಇಂಥ ಮನೆಯ ಹಿರಿಯರನ್ನು ಕೇಳಲು ಕಳಿಸುವರು. ಜನ ಅಜ್ಜಿಯ ನೆನಪನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಆ ಬೋರಲು ಎಲೆಯೇ ದೊಡ್ಡದಾಗಿ ಕಾಣುತ್ತಿತ್ತು. ತನಗೆ ಗೊತ್ತಿಲ್ಲದ್ದು ಯಾವುದು ಎಂದು ಅಷ್ಟು ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ. ಮೂವತ್ತು ವರ್ಷ ಪಾಠ ಮಾಡಿದೆ. ಆ ವಿದ್ಯೆಯನ್ನು ಮಕ್ಕಳಿಗೂ ಕಲಿಸಲಿಲ್ಲ, ನಾನೂ ಕಲಿಯಲಿಲ್ಲ.

ಇದೆಲ್ಲ ಬರೆದಿಟ್ಟುಕೊಳ್ಳುತ್ತೇನೆ, ಹೇಳಿ ಅಜ್ಜಿ, ಎಂದು ಒಂದು ಬೇಸಿಗೆ ರಜದಲ್ಲಿ ನೋಟ್ ಬುಕ್ ಹಿಡಿದು ಹೋಗಿದ್ದೆ. ನಕ್ಕುಬಿಟ್ಟರು. "ನೀವು ಬರ್ಕಂಡು ಮರ್ತೋಯ್ತೀರ ಟೀಚರಮ್ಮ. ನಾನು ಮರೀಬಾರ್ದು ಅಂತ್ಲೇ ಬರ್ಕಳಕಿಲ್ಲ." ಅಮಾವಾಸ್ಯೆಗೆ ಚುಂಚನಗಿರಿಗೆ ಹೋಗುವ ಬಸ್ಸಿನಲ್ಲಿ ಅವರ ಪಕ್ಕ ಕೂತರೆ ಮುಗಿಯಿತು. ಎದುರಿಗಿದ್ದವರ ಕಿವಿಯನ್ನೋ ಮೂಗನ್ನೋ ದಿಟ್ಟಿಸಿ "ಯಾವೂರಾಯ್ತವ್ವ?" ಎಂದು ಶುರು ಮಾಡಿ, ಬೆಳ್ಳೂರು ಬರುವುದರೊಳಗೆ ಅವರನ್ನು ತಮಗೆ ನಾದಿನಿ ಮಾಡಿಕೊಂಡು, ಅವರ ಚೀಲದಲ್ಲಿದ್ದ ಚಕ್ಕುಲಿ ತಿನ್ನುತ್ತಿದ್ದರು. ನನಗಂತೂ ನಾಚಿಕೆಯಾಗುತ್ತಿತ್ತು. ಈಗ ಆ ಬಸ್ಸಿನಲ್ಲಿ ಹೋದರೆ ಎಲ್ಲರ ಕಣ್ಣೂ ಫೋನಿನ ಮೇಲೆ, ಯಾವ ಊರು ಎಂದು ಕೇಳುವವರಿಲ್ಲ.

ಒಂದು ದಿನದ್ದನ್ನು ಮಾತ್ರ ಬಿಡಿಸಿ ಹೇಳಬೇಕು. ಹತ್ತು ಹನ್ನೆರಡು ವರ್ಷದ ಹಿಂದೆ ಪಾಂಡವಪುರದ ಹತ್ತಿರದ ಒಂದು ಮನೆಯ ಹಿರಿಯರು ಯಾವುದೋ ಸಂಬಂಧ ಕೇಳಲು ಬಂದಿದ್ದರು. ನಾನು ಶಾಲೆಯಿಂದ ಬಂದವಳು ಜಗಲಿಯಲ್ಲೇ ಕೂತಿದ್ದೆ. ಅವರ ಮನೆಯ ಬೇರು ಹಿಡಿದು ಹೋದಾಗ ಅದು ಅಜ್ಜಿಯ ತವರೂರಿಗೇ ಬಂದು ನಿಂತಿತು. ಅಜ್ಜಿ ಒಂದು ಎಲೆಯನ್ನು ಬೋರಲು ಹಾಕಿ ಹೇಳಿದರು: "ನಿಮ್ಮ ತಾತ ನಮ್ಮೂರಿನ ದೊಡ್ಡಮನೇಲಿ ಬೆಳ್ದೋನು, ಅಲ್ಲಿಂದ ನಿಮ್ಮೂರ್ಗೆ ಬಂದೋನು. ಆ ಮನೆ ಯಜಮಾನನ ತಮ್ಮನೋ, ಅಕ್ಕನ ಮಗನೋ, ನಂಗೊತ್ತಿಲ್ಲ ಕಣಪ್ಪ. ಅವ್ನು ಊರು ಬುಟ್ಟಾಗ ನಾನಿನ್ನೂ ಉಟ್ಟೇ ಇರ್ಲಿಲ್ಲ. ನಮ್ಮಜ್ಜಿ ಏಳ್ತಿತ್ತು, ಕೇಳಿದೀನಿ ಅಷ್ಟೆ." ಅವತ್ತಿನ ಸಂಬಂಧಕ್ಕೆ ಆ ಎಲೆ ಅಡ್ಡ ಬರಲಿಲ್ಲ. ಬಂದವರು ಮಜ್ಜಿಗೆ ಕುಡಿದು ಹೋದರು. ಈಗ ಆ ಹಿರಿಯರೂ ಇಲ್ಲ.

ಅಜ್ಜಿಗೆ ಎಂಬತ್ತು ದಾಟಿದ ಮೇಲೆ ಮರೆವಿನ ಮಾತು ಶುರುವಾಯಿತು. ಶುರು ಮಾಡಿದವರು ಅವರೇ. "ನನ್ ಬುದ್ಧಿಗೆ ಗೆದ್ಲು ಅತ್ತದೆ ಕಣವ್ವ" ಅನ್ನುವರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಬೀಗದ ಕೈ ಎಲ್ಲಿಟ್ಟೆನೋ, ಬೆಳಗಿನ ಮಾತ್ರೆ ನುಂಗಿದೆನೋ ಎಂದು ದಿನಕ್ಕೆ ಹತ್ತು ಸಲ ಗೋಡೆಯಾಚೆಯಿಂದ ನನ್ನನ್ನು ಕೂಗುವರು. ಹೋಗಿ ನೋಡಿದರೆ ಉಪ್ಪು ಸರಿಯಾಗಿರುತ್ತಿತ್ತು, ಬೀಗದ ಕೈ ಮೊಳೆಯಲ್ಲೇ ಇರುತ್ತಿತ್ತು, ಮಾತ್ರೆ ಹೊಟ್ಟೆ ಸೇರಿರುತ್ತಿತ್ತು. ಹಳೆಯದರ ವಿಷಯದಲ್ಲಿ ಮಾತ್ರ ಅವರಿಗೆ ಅನುಮಾನ ಅನ್ನುವುದೇ ಇರಲಿಲ್ಲ. ಮುಂಚೆ ಎರಡು ಅಂಗಾತ ಒಂದು ಬೋರಲು ಹಾಕುತ್ತಿದ್ದವರು ಈಗ ಸಾಲುಸಾಲಾಗಿ ಅಂಗಾತವೇ ಹಾಸತೊಡಗಿದರು. ಬಂದವರೆಲ್ಲ, "ನೋಡಿ, ಈ ವಯಸ್ಸಿನಲ್ಲೂ ಏನು ಜ್ಞಾಪಕಶಕ್ತಿ!" ಎಂದು ಬೆರಗಾಗುತ್ತಿದ್ದರು. ಎಲ್ಲಿ ಮರೆತೆನೋ ಎಂದು ಅಜ್ಜಿ ಹೆದರುತ್ತಿದ್ದರೋ ಅಲ್ಲಿ ನೆನಪು ನೆಟ್ಟಗಿತ್ತು. ಹೆದರಿಕೆಯೇ ಇಲ್ಲದ ಕಡೆ ಸದ್ದಿಲ್ಲದೆ ಕುಸಿಯುತ್ತಿತ್ತು. ನಾನಾದರೂ ಇದನ್ನು ಆಗಲೇ ತಿಳಿದುಕೊಂಡೆ ಎಂದೇನಲ್ಲ, ಕಂಡದ್ದಕ್ಕೆ ಅರ್ಥ ಹೊಳೆದದ್ದು ಎಲ್ಲ ಮುಗಿದ ಮೇಲೆ.

ನನ್ನ ಕಥೆ ಇದಕ್ಕೆ ತಿರುಗುಮುರುಗು. ನಿವೃತ್ತಿಯಾದ ವರ್ಷ ಒಂದು ಬೆಳಿಗ್ಗೆ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕಿದೆ. ಇನ್ನೊಂದು ದಿನ ಹಾಲು ಬಂದೇ ಇಲ್ಲ ಎಂದು ನನ್ನ ಸೊಸೆಯ ಹತ್ತಿರ ಜಗಳವಾಡಿದೆ. ಹಾಲು ಕಾಯಿಸಿಟ್ಟವಳು ನಾನೇ. ಅಲ್ಲಿಂದ ಮನೆಯಲ್ಲಿ "ಅಮ್ಮಂಗೆ ಮರೆವು" ಅನ್ನುವುದು ತಮಾಷೆಯಾಗಿ ಶುರುವಾಗಿ ಆಮೇಲೆ ತಮಾಷೆಯಾಗಿ ಉಳಿಯಲಿಲ್ಲ. ನಾನೂ ನಂಬಿದೆ. ಬಾಯಿಗೆ ಬಂದ ಮಾತನ್ನು ಆಡುವ ಮೊದಲು ಇದು ನಿಜವೇ ಎಂದು ಮೂರು ಸಲ ಯೋಚಿಸಿ, ಕೊನೆಗೆ ಆಡದೇ ಸುಮ್ಮನಾಗುವುದು ರೂಢಿಯಾಯಿತು.

ನಮ್ಮಿಬ್ಬರ ಈ ಸ್ಥಿತಿಯಲ್ಲಿ ನನ್ನ ತಂಗಿಯ ಮಗಳಿಗೆ ಗಂಡು ಗೊತ್ತಾಯಿತು. ತಂಗಿಯನ್ನು ಕೊಟ್ಟಿರುವುದು ಕೆ.ಆರ್. ಪೇಟೆಗೆ. ಅವಳ ಗಂಡನ ಮೂಲ ಅಜ್ಜಿಯ ತವರೂರಿನ ಅದೇ ದೊಡ್ಡಮನೆ. ಹುಡುಗಿ ಶ್ರೀರಂಗಪಟ್ಟಣದಲ್ಲಿ ನರ್ಸು. ಹುಡುಗ ಪಾಂಡವಪುರದ ಹತ್ತಿರದವನು, ಇಪ್ಪತ್ತು ಹಸು ಕಟ್ಟಿಕೊಂಡು ಹಾಲಿನ ವ್ಯವಹಾರ ಮಾಡುತ್ತಿದ್ದ. ಇಬ್ಬರೂ ಒಪ್ಪಿ, ಎರಡು ತಿಂಗಳಿಂದ ಫೋನಿನಲ್ಲಿ ಮಾತಾಡಿಕೊಂಡು, ಅವನ ಹಸುಗಳ ಹೆಸರೆಲ್ಲ ಇವಳಿಗೆ ಬಾಯಿಪಾಠವಾಗಿತ್ತು. ಲಗ್ನಕ್ಕೆ ದಿನ ಇಡುವ ಹೊತ್ತಿಗೆ ಎರಡೂ ಕಡೆಯ ಮನೆದೇವರು ಒಂದೇ ಎಂದು ಗೊತ್ತಾಗಿ, ಅಣ್ಣತಮ್ಮಂದಿರ ಮನೆಯೇನೋ ಎಂದು ಹಿರಿಯರಿಗೆ ಅನುಮಾನ ಬಂತು. ಅಜ್ಜಿಯನ್ನು ಕೇಳಿಬಿಡೋಣ ಎಂದವಳು ನಾನೇ. ನಾನೇ ಎರಡು ಮನೆಯವರನ್ನೂ ಕರೆಸಿ ಆ ಜಗಲಿಯಲ್ಲಿ ಕೂರಿಸಿದೆ.

ಅಜ್ಜಿ ಮಜ್ಜಿಗೆ ಕೊಡಿಸಿ ಎಲೆ ಹಾಸುತ್ತ ಹೋದರು. ಹುಡುಗನ ಮನೆಯ ಎಲೆ ಬಂತು, ಹಿಂದೆ ಬಂದಿದ್ದ ಆ ಹಿರಿಯರ ಮನೆಯೇ ಅದು. ಬೇರು ತವರೂರಿಗೆ ಹೋಯಿತು. ಅಜ್ಜಿ ಆ ಎಲೆಯನ್ನು ಅಂಗಾತ ಇಟ್ಟರು.

"ದೊಡ್ಡಮನೇಲಿ ಅಣ್ಣ ತಮ್ಮ ಪಾಲಾಯ್ತಲ್ಲ, ನಾನು ಕಣ್ಣಾರ ಕಂಡಿದೀನಿ. ನಡುಮನೇಲಿ ರಾಗಿ ಗುಡ್ಡೆ. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ನಾನು ಒಸ್ಲು ಮೇಲೆ ನಿಂತಿದ್ದೆ. ಆ ತಮ್ಮನ್ ಮನೇನೆ ಇದು. ಅಣ್ಣ ತಂಗಿ ವರಸೆ ಆಯ್ತದೆ. ಈ ಮದ್ವೆ ಆಗಕಿಲ್ಲ ಬುಡಿ."

ನಾನು ಬಾಯಿ ತೆರೆದೆ. ಹಿಂದಿನ ಸಲ ಆ ಎಲೆ ಬೋರಲಿತ್ತಲ್ಲ? ಹುಟ್ಟೇ ಇರಲಿಲ್ಲ ಅಂದಿದ್ದರಲ್ಲ? ಹುಟ್ಟದವರು ಹೊಸ್ತಿಲ ಮೇಲೆ ನಿಂತಿರಲಾರರು. ಈ ಲೆಕ್ಕಕ್ಕೆ ಗಣಿತದ ಟೀಚರು ಬೇಕಿಲ್ಲ. ಆದರೆ ಅಜ್ಜಿ ಹೇಳುತ್ತಿದ್ದ ರಾಗಿ ಗುಡ್ಡೆ ಎಷ್ಟು ಸ್ಪಷ್ಟವಾಗಿತ್ತು! ನನ್ನದೋ, ಹಾಲು ಕಾಯಿಸಿ ಮರೆತವಳ ತಲೆ. ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಇದಿಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಬಹುದಿತ್ತು. ಅದರ ಜೊತೆಗೆ ಇನ್ನೊಂದೂ ಇತ್ತು. ನಾನು ಬಾಯಿ ಹಾಕಿ ಮದುವೆಯಾಗಿ, ನಾಳೆ ನಿಜಕ್ಕೂ ಅಣ್ಣ ತಂಗಿ ಎಂದಾದರೆ, ಎಲ್ಲರ ಬೆರಳೂ ನನ್ನ ಕಡೆಗೇ. ತೆರೆದ ಬಾಯಿ ಮುಚ್ಚಿಕೊಂಡೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಮಜ್ಜಿಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಸಂಬಂಧ ಅಲ್ಲಿಗೆ ಮುರಿಯಿತು. ಆರೇಳು ತಿಂಗಳಿಗೆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ನಮ್ಮ ಹುಡುಗಿ ಮಾತ್ರ ಆಮೇಲೆ ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಎಂದಳು. ಎರಡು ವರ್ಷ ಕಳೆಯಿತು. ಪಾಂಡವಪುರದ ಆ ಮನೆಯವರು ಜಮೀನಿನ ಖಾತೆ ಬದಲಾವಣೆಗೆಂದು ಹಳೆಯ ಟ್ರಂಕು ತೆಗೆದಾಗ ಹುಡುಗನ ಮುತ್ತಾತ ಮೊದಲು ಭೂಮಿ ಕೊಂಡ ಪತ್ರ ಸಿಕ್ಕಿತು. ಅದರಲ್ಲಿ ಅವನ ತಂದೆಯ ಹೆಸರು, ತಂದೆಯ ಊರು ಬೇರೆಯೇ ಇತ್ತು. ಆ ಊರಿಗೆ ಹೋಗಿ ವಿಚಾರಿಸಿದರೆ ಹೌದು ಎಂದರು: ತಾಯಿ ಸತ್ತ ಮಗುವನ್ನು ಸೋದರಮಾವ ದೊಡ್ಡಮನೆಗೆ ತಂದು ಸಾಕಿದ್ದ. ತಮ್ಮನಲ್ಲ, ಅಕ್ಕನ ಮಗ. ಅಂದರೆ ಹೇಳಿ ಮಾಡಿಸಿದ ವರಸೆ. ಈ ವಿಷಯ ಕೇಳಿದ ದಿನ ಹುಡುಗಿ ನನಗೆ ಫೋನು ಮಾಡಿ ಸಣ್ಣ ದನಿಯಲ್ಲಿ ಹೇಳಿದಳು: "ಅವರ ನಂಬರನ್ನ ನಾನು ಅಣ್ಣ ಅಂತ ಬದಲಾಯಿಸಿಟ್ಟುಕೊಂಡಿದ್ದೆ ದೊಡ್ಡಮ್ಮ. ಎರಡು ವರ್ಷ ಹಾಗೇ ಅಂದುಕೊಳ್ಳೋಕೆ ತುಂಬಾ ಕಷ್ಟಪಟ್ಟೆ." ನಾನು ಫೋನು ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ.

ಅಜ್ಜಿಗೆ ಹೇಳಬಾರದಿತ್ತು. ಹೇಳಿದೆ. ಕೋಪವಿತ್ತು ನನಗೆ, ಅದು ನನ್ನ ಮೇಲಿನ ಕೋಪ ಎಂದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಅವರು ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಕಂಡಿದೀನಿ ಅಂದ್ನಾ ನಾನು?"

"ಅಂದಿರಿ ಅಜ್ಜಿ."

"ನಂಗೆ ಈಗ್ಲೂ ಕಾಣ್ತಾ ಅದೆ ಕಣವ್ವ. ರಾಗಿ ಗುಡ್ಡೆ. ಒಸ್ಲು. ಒಸ್ಲು ತಣ್ಣಗೆ ಕಾಲ್ಗೆ ತಾಕ್ತದೆ." ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ಕಾಣ್ತಾ ಇರೋದ್ನ ಕಂಡಿಲ್ಲ ಅನ್ನೋದು ಎಂಗವ್ವ?"

ಆ ದಿನದ ನಂತರ ಅಜ್ಜಿಯ ಮಣೆಯ ಮೇಲೆ ಅಂಗಾತ ಎಲೆ ಬೀಳಲೇ ಇಲ್ಲ. ಎಲ್ಲ ಬೋರಲು. ಸರಿಯಾಗಿ ಗೊತ್ತಿದ್ದದ್ದೂ ಬೋರಲು. ತಾವೇ ನಿಂತು ಮಾಡಿಸಿದ ಮದುವೆಯೂ ಬೋರಲು. ಕೇಳಲು ಬರುವವರು ನಿಂತುಹೋದರು. ಅಜ್ಜಿ ಒಬ್ಬರೇ ಹಾಸಿಕೊಂಡು ಕೂರುವರು. ಕೊಬ್ಬರಿ ಮಂಡಿಯಿಂದ ಮಗ ಊಟಕ್ಕೆ ಬಂದರೆ, ಅವನು ಕೈ ತೊಳೆಯುವುದನ್ನು ನೋಡುತ್ತ ನನ್ನ ಕಿವಿಯಲ್ಲಿ, "ಇವ್ನು ನನ್ ಮಗ ಅಂತ ಕೇಳಿದೀನಿ" ಅನ್ನುವರು. ಅದನ್ನು ಕೇಳಿಸಿಕೊಂಡ ಮಗ ಒಂದು ದಿನ ಊಟ ಬಿಟ್ಟು ಎದ್ದುಹೋದ. ಅವರಿಗೆ ಮಗ ಗೊತ್ತಿರಲಿಲ್ಲ ಎಂದು ನನಗನಿಸುವುದಿಲ್ಲ. ಗೊತ್ತು ಎನ್ನುವ ಧೈರ್ಯ ಹೋಗಿತ್ತು. ಅದನ್ನು ಕಿತ್ತುಕೊಂಡವಳು ನಾನು.

ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದರು ಎಂದು ತಿಳಿದು ನಮ್ಮ ಹುಡುಗಿ ನೋಡಲು ಬಂದಳು. ಬರುತ್ತಾಳೆ ಅಂದುಕೊಂಡಿರಲಿಲ್ಲ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹುಡುಗಿ ಮಂಚದ ಪಕ್ಕ ಕೂತು ನಾಡಿ ಹಿಡಿದಳು.

"ಯಾರ್ ಮಗ್ಳವ್ವ?"

ಹೇಳಿದಳು. ತಾಯಿಯ ಹೆಸರು, ತಂದೆಯ ಹೆಸರು, ಊರು.

ಅಜ್ಜಿ ಚೀಲಕ್ಕೆ ಕೈ ಹಾಕಿ ತಡಕಾಡಿ ಒಂದು ಎಲೆ ತೆಗೆದರು. ಎಲೆಯನ್ನು ಕಂಬಳಿಯ ಮೇಲೆ ಬೋರಲು ಹಾಕಿ, ಹುಡುಗಿಯ ಮುಖ ನೋಡದೆ ಹೇಳಿದರು.

"ನಿಂಗೇನೋ ಕೆಡುಕು ಮಾಡಿದೀನಿ ಅಂತ ಕೇಳಿದೀನಿ ಕಣವ್ವ. ಏನು ಅಂತ ಗೊತ್ತಿಲ್ಲ."

ಹುಡುಗಿ ಆ ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ಕೈಗೆ ತೆಗೆದುಕೊಂಡು ತೊಟ್ಟು ಮುರಿದಳು. ಸುಣ್ಣ ಸವರಿದಳು. ಒಂದು ಚೂರು ಅಡಿಕೆ ಇಟ್ಟು ಕುಟ್ಟಾಣಿಗೆ ಹಾಕಿ ನುಣ್ಣಗೆ ಕುಟ್ಟಿ, ಬೆರಳ ತುದಿಯಲ್ಲಿ ತೆಗೆದು ಅಜ್ಜಿಯ ಬಾಯಿಗೆ ಇಟ್ಟಳು.

"ಅದು ಬರೀ ಅಂದಾಜು ಅಜ್ಜಿ. ಅಗೀರಿ."

ಅಜ್ಜಿ ಅಗಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಅಗಿಯುತ್ತಲೇ ಇತ್ತು. ತುಟಿ ಕೆಂಪಾಯಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆ ಮನೆಯಲ್ಲಿ ಅವತ್ತು ದೊಡ್ಡವರು ಅಂತ ಇದ್ದವಳು ಆ ಹುಡುಗಿ ಒಬ್ಬಳೇ.

ಅವಳನ್ನು ಬಸ್ಸು ಹತ್ತಿಸಲು ಹೋದೆ. ಸ್ಟ್ಯಾಂಡಿನ ಹತ್ತಿರ ಬಂದಾಗ ಹುಡುಗಿ ನಿಂತಳು.

"ದೊಡ್ಡಮ್ಮ, ಒಂದು ಕೇಳ್ಲಾ? ಅವತ್ತು ಅಜ್ಜಿ ಎಲೆ ಇಟ್ಟಾಗ ನೀವು ಏನೋ ಹೇಳೋಕೆ ಬಾಯಿ ತೆಗೆದ್ರಿ. ಆಮೇಲೆ ಲೋಟ ಎತ್ಕೊಂಡು ಒಳಗೆ ಹೋದ್ರಿ. ಏನು ಹೇಳೋಕೆ ಹೊರಟಿದ್ರಿ?"

ಪಾಂಡವಪುರದ ಬೋರ್ಡಿನ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರು ಸೀಟಿ ಊದುತ್ತಿದ್ದ. ನಾನು ಆ ಬಸ್ಸನ್ನು ನೋಡುತ್ತ ಹೇಳಿದೆ.

"ನೆನಪಿಲ್ಲ ಕಣೇ."

ನಮ್ಮ ವಯಸ್ಸಿನವರು ಹಾಗಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅವಳೂ ಹಾಕಲಿಲ್ಲ. "ಹೋಗ್ಲಿ ಬಿಡಿ, ನಿಮಗೂ ವಯಸ್ಸಾಯ್ತಲ್ಲ" ಎಂದು ನನ್ನ ಕೈ ಹಿಡಿದು ಜೋಪಾನವಾಗಿ ರಸ್ತೆ ದಾಟಿಸಿದಳು. ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದಳು.

ಹನ್ನೊಂದನೆಯ ದಿನ ಆ ಎರಡು ಸಾಲುಗಳ ಮುಂದೆ ಕೂತಿದ್ದಾಗ ಅಜ್ಜಿಯ ಮೊಮ್ಮಗಳು ಬಂದು ಎಲೆಗಳನ್ನು ಎತ್ತಿ ಎತ್ತಿ ತಟ್ಟೆಗೆ ಹಾಕಿಕೊಂಡಳು, ಬಂದವರು ಕಾಯುತ್ತಿದ್ದರು. ನಾನು ಒಂದು ಎಲೆಯನ್ನು ಮಾತ್ರ ಕೊಡದೆ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ತಂದೆ. ಇದನ್ನು ಬರೆಯುವಾಗ ಮೇಜಿನ ಮೇಲೆ ಅಂಗಾತ ಇಟ್ಟುಕೊಂಡಿದ್ದೇನೆ. ಹುಡುಗಿ ಇದನ್ನು ಓದುತ್ತಾಳೆ, ಓದಲಿ. ಮೊದಲ ಸಲ ಆ ಹುಡುಗನ ಮನೆಯ ಎಲೆ ಬೋರಲಾಗಿತ್ತು. ನಾನು ಕಂಡಿದ್ದೆ.